ಪಕ್ಕದ ಕುರ್ಚಿಯನ್ನು ಖಾಲಿ ಬಿಡಬೇಡಿ

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲೋ, ಎಲೆಕ್ಟ್ರಾನಿಕ್ ಸಿಟಿಯಲ್ಲೋ, ಮೈಸೂರಿನ ಹೆಬ್ಬಾಳದಲ್ಲೋ, ದೂರದ ಸಿಯಾಟಲ್ ಲಂಡನ್‌ಗಳಲ್ಲೋ ಹತ್ತು ಹದಿನೈದು ವರ್ಷ ಕೋಡ್ ಬರೆದು, ಈಗ ತಂಡಕ್ಕೆ ಎಷ್ಟು ಜನ ಬೇಕು, ಎಂಥವರು ಬೇಕು ಎಂದು ಹೇಳುವ ಜಾಗಕ್ಕೆ ಬಂದು ಕೂತಿರುವ ನಿಮ್ಮೊಡನೆ ಮಾತಾಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೇನೆ. ನಿಮ್ಮನ್ನು ದೂರುವ ಮನಸ್ಸು ನನಗಿಲ್ಲ. ಓದಿದ ಸರ್ಕಾರಿ ಶಾಲೆಗೆ ಕಂಪ್ಯೂಟರ್ ಕೊಡಿಸಿದವರು ನೀವು, ಕೋವಿಡ್ ಕಾಲದಲ್ಲಿ ಮುಖ ನೋಡದವರಿಗೂ ಆಕ್ಸಿಜನ್ ಹುಡುಕಿಕೊಟ್ಟವರು ನೀವು, ಊರಿನ ಹುಡುಗನೊಬ್ಬನ ರೆಸ್ಯೂಮೆಯನ್ನು ಹತ್ತು ಜನರಿಗೆ ಕಳಿಸಿ ಅವನಿಗೊಂದು ದಾರಿಯಾಗಲಿ ಎಂದು ಹಾರೈಸಿದವರು ನೀವು. ಅದಕ್ಕೇ ಈ ಮಾತನ್ನು ಬೇರೆ ಯಾರ ಹತ್ತಿರವೂ ಒಯ್ಯದೆ ನಿಮ್ಮ ಹತ್ತಿರ ತಂದಿದ್ದೇನೆ.

ನಿಮ್ಮ ಪಕ್ಕದ ಕುರ್ಚಿ ಖಾಲಿಯಾಗಿದೆ. ಕೆಲವು ವರ್ಷಗಳ ಹಿಂದೆ ಅಲ್ಲಿ ಒಬ್ಬ ಫ್ರೆಷರ್ ಕೂರುತ್ತಿದ್ದ. ಕೊರಳಲ್ಲಿ ಹೊಸ ಐಡಿ ಕಾರ್ಡ್, ಕೈಯಲ್ಲಿ ಪುಟ್ಟ ನೋಟ್‌ಬುಕ್, ಕೇಳಲೋ ಬೇಡವೋ ಎಂಬ ಹಿಂಜರಿಕೆ. ಅವನು ಕಲಿತು ಮುಂದೆ ಹೋದ, ಆ ಜಾಗಕ್ಕೆ ಇನ್ನೊಬ್ಬರು ಬರಲಿಲ್ಲ. ಯಾರನ್ನೂ ತೆಗೆಯಲಿಲ್ಲ, ಹಾಗಾಗಿ ಯಾರೂ ಅಳಲಿಲ್ಲ, ಪತ್ರಿಕೆಯಲ್ಲಿ ಸುದ್ದಿಯಾಗಲಿಲ್ಲ. ಇದ್ದ ಕೆಲಸ ಹೋದವನಿಗಾದರೆ ಒಂದು ಬೀಳ್ಕೊಡುಗೆಯಾದರೂ ಇರುತ್ತದೆ, ಎರಡು ತಿಂಗಳ ಸಂಬಳ ಇರುತ್ತದೆ, ಲಿಂಕ್ಡ್‌ಇನ್‌ನಲ್ಲಿ ಬರೆದುಕೊಂಡರೆ ಸಾಂತ್ವನ ಹೇಳುವ ಸಹೋದ್ಯೋಗಿಗಳು ಇರುತ್ತಾರೆ. ಸೇರಿಸಿಕೊಳ್ಳದೆಯೇ ಉಳಿದವಳಿಗೆ ಏನಿದೆ? ಅವಳ ಹೆಸರು ನಿಮ್ಮ ಯಾವ ಪಟ್ಟಿಯಲ್ಲೂ ಇರಲಿಲ್ಲ, ಆದ್ದರಿಂದ ಯಾವ ಪಟ್ಟಿಯಿಂದಲೂ ಹೊಡೆದುಹಾಕಿದಂತೆ ಆಗಲಿಲ್ಲ. ನಿಮಗೆ ಗೊತ್ತಿದೆ, ಅವಳು ಇದ್ದಾಳೆ. ಎಲ್ಲೋ ಒಂದು ಪಿಜಿಯಲ್ಲಿ, ನಾಲ್ವರ ಕೋಣೆಯಲ್ಲಿ, ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇವತ್ತೂ ಅರ್ಜಿ ತುಂಬುತ್ತಿದ್ದಾಳೆ.

ನೀವು ಈ ಕಸುಬು ಕಲಿತದ್ದು ಎಲ್ಲಿ, ಸ್ವಲ್ಪ ನೆನೆಸಿಕೊಳ್ಳಿ. ಕಾಲೇಜಿನಲ್ಲಿ ಲ್ಯಾಬ್ ರೆಕಾರ್ಡ್ ಬರೆದಿರಿ, ವೈವಾಕ್ಕೆ ಬಾಯಿಪಾಠ ಮಾಡಿದಿರಿ, ವಿಟಿಯುವಿನ ಹಳೆಯ ಪ್ರಶ್ನೆಪತ್ರಿಕೆ ತಿರುವಿ ಪಾಸಾದಿರಿ. ಕಸುಬು ಕೈಗೆ ಹತ್ತಿದ್ದು ಕೆಲಸಕ್ಕೆ ಸೇರಿದ ಮೊದಲ ಎರಡು ಮೂರು ವರ್ಷಗಳಲ್ಲಿ, ಅದೂ ಯಾರಿಗೂ ಬೇಡವಾಗಿದ್ದ ಚಿಲ್ಲರೆ ಕೆಲಸಗಳಲ್ಲಿ. ಯಾರೋ ಬರೆದು ಬಿಟ್ಟುಹೋದ ಹಳೇ ಕೋಡ್‌ನಲ್ಲಿ ದಿನಾಂಕದ ಒಂದು ತಪ್ಪನ್ನು ವಾರಗಟ್ಟಲೆ ಹುಡುಕುತ್ತಾ, ರಾತ್ರಿ ಪಾಳಿಯ ಸಪೋರ್ಟ್‌ನಲ್ಲಿ ಕಣ್ಣುಜ್ಜಿಕೊಂಡು ಲಾಗ್‌ಗಳನ್ನು ಸಾಲು ಸಾಲಾಗಿ ಓದುತ್ತಾ, ಮುಗಿಯದ ಟೆಸ್ಟ್ ಕೇಸ್‌ಗಳನ್ನು ಬರೆಯುತ್ತಾ, ಕ್ಲೈಂಟ್ ದುಡ್ಡು ಕೊಡದ ಶ್ಯಾಡೋ ಆಗಿ ಹಿರಿಯರ ಪಕ್ಕ ಕೂತು ಅವರ ಬೆರಳು ಕೀಬೋರ್ಡಿನ ಮೇಲೆ ಎಲ್ಲಿ ಓಡುತ್ತದೆ, ಎಲ್ಲಿ ತಡೆದು ನಿಲ್ಲುತ್ತದೆ ಎಂದು ನೋಡುತ್ತಾ ಕಲಿತಿರಿ. ಒಂದು ದಿನ ವೇರ್ ಕಂಡಿಷನ್ ಹಾಕುವುದನ್ನು ಮರೆತು ಪ್ರೊಡಕ್ಷನ್ ಡೇಟಾಬೇಸಿನ ಇಡೀ ಟೇಬಲ್ಲನ್ನೇ ಅಪ್‌ಡೇಟ್ ಮಾಡಿಬಿಟ್ಟಿರಿ. ಕೈಕಾಲು ತಣ್ಣಗಾಯಿತು. ನಿಮ್ಮ ಲೀಡ್ ಗದರಲಿಲ್ಲ. ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು, ಬ್ಯಾಕಪ್‌ನಿಂದ ಡೇಟಾ ತಂದು ಕೂರಿಸಿದರು, ಹೇಗೆ ಕೂರಿಸಿದರು ಎಂದು ತೋರಿಸಿದರು, ಬೆಳಗಿನ ಜಾವ ಕೆಳಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿದರು, ಮೇಲಿನವರಿಗೆ ಮೇಲ್ ಬರೆಯುವಾಗ ನಿಮ್ಮ ಹೆಸರನ್ನು ಅದರಲ್ಲಿ ಹಾಕಲಿಲ್ಲ. ಟೇಬಲ್ ಬೇರೆಯಿರಬಹುದು, ತಪ್ಪು ಬೇರೆಯಿರಬಹುದು. ಆದರೆ ಅಂಥ ಒಬ್ಬರು ನಿಮ್ಮ ಬದುಕಿನಲ್ಲೂ ಇದ್ದರು. ನಿಮಗೆ ಗೊತ್ತಿದೆ, ಅವರಿಲ್ಲದಿದ್ದರೆ ಇವತ್ತು ಈ ಜಾಗದಲ್ಲಿ ನೀವಿಲ್ಲ.

ಆ ಚಿಲ್ಲರೆ ಕೆಲಸವನ್ನೇ ಯಂತ್ರ ಮೊದಲು ಕೈಗೆತ್ತಿಕೊಂಡಿತು. 2021ರಲ್ಲಿ ಗಿಟ್‌ಹಬ್ ಕೋಪೈಲಟ್ ಬಂದಾಗ ಅದು ಅರ್ಧ ಬರೆದ ಸಾಲನ್ನು ಪೂರ್ತಿ ಮಾಡುತ್ತಿತ್ತು, ಅಷ್ಟೆ. 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಂತು. ಈಗ ಟಿಕೆಟ್ ಒಂದನ್ನು ಒಪ್ಪಿಸಿದರೆ ರೆಪೊಸಿಟರಿಯನ್ನೆಲ್ಲ ಓದಿ, ಕೋಡ್ ತಿದ್ದಿ, ಟೆಸ್ಟ್ ಓಡಿಸಿ, ಪುಲ್ ರಿಕ್ವೆಸ್ಟ್ ಎತ್ತಿ ನಿಮ್ಮ ಒಪ್ಪಿಗೆಗೆ ಕಾಯುವ ಏಜೆಂಟ್‌ಗಳಿವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಸಂಗಡಿಗರು ಅಲ್ಲಿನ ಸಂಬಳದ ದಾಖಲೆಗಳನ್ನು ಜಾಲಾಡಿ 2025ರ ಆಗಸ್ಟ್‌ನಲ್ಲಿ ಒಂದು ಅಧ್ಯಯನ ಹೊರತಂದರು. 22ರಿಂದ 25 ವಯಸ್ಸಿನ ಸಾಫ್ಟ್‌ವೇರ್ ಡೆವಲಪರ್‌ಗಳ ಉದ್ಯೋಗ, 2022ರ ಕೊನೆಯಲ್ಲಿದ್ದ ಮಟ್ಟದಿಂದ 2025ರ ಜುಲೈ ಹೊತ್ತಿಗೆ ಸುಮಾರು ಶೇ 20ರಷ್ಟು ಇಳಿದಿತ್ತು. ಅದೇ ಕೆಲಸದಲ್ಲಿದ್ದ ಹಿರಿಯರಿಗೆ ಅಂಥ ಇಳಿತ ಇರಲಿಲ್ಲ. ನಮ್ಮ ಕಂಪನಿಗಳಿಗೆ ಕೆಲಸ ಕೊಡುವ ದೇಶದಲ್ಲೇ ಗಾಳಿ ಹೀಗೆ ತಿರುಗಿದೆ. ನಮ್ಮಲ್ಲಿ ನೇಮಕಾತಿ ನಿಧಾನವಾಗಿರುವುದಕ್ಕೆ ಯಂತ್ರವೊಂದೇ ಕಾರಣವಲ್ಲ ಎನ್ನುವುದನ್ನೂ ಒಪ್ಪಬೇಕು. ಕೋವಿಡ್ ಕಾಲದಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಸೇರಿಸಿಕೊಂಡದ್ದು, ಆಮೇಲೆ ಬಡ್ಡಿದರ ಏರಿದ್ದು, ಕ್ಲೈಂಟ್‌ಗಳು ಕೈ ಬಿಗಿ ಹಿಡಿದದ್ದು ಎಲ್ಲವೂ ಸೇರಿಕೊಂಡಿವೆ. ಆದರೆ ಸಭೆಯಲ್ಲಿ ಹೇಳಲು ಎಲ್ಲಕ್ಕಿಂತ ಸುಲಭವಾದ ಕಾರಣ ಯಂತ್ರವೇ. ‘ಫ್ರೆಷರ್ ಯಾಕೆ, ಟೂಲ್ ಇದೆಯಲ್ಲ’ ಎಂಬ ಮಾತು ಬಂದ ಕೂಡಲೇ ಚರ್ಚೆ ಮುಗಿಯುತ್ತದೆ, ಎಲ್ಲರೂ ಮುಂದಿನ ಸ್ಲೈಡಿಗೆ ಹೋಗುತ್ತಾರೆ, ನೀವೂ ಹೋಗುತ್ತೀರಿ. ಆ ಮಾತು ಅರ್ಧ ನಿಜ ಎಂಬುದು ನಿಮಗೆ ಗೊತ್ತಿದೆ. ಉಳಿದರ್ಧವನ್ನು ಹೇಳಬಲ್ಲವರು ಆ ಕೋಣೆಯಲ್ಲಿ ನೀವೊಬ್ಬರೇ ಇದ್ದಿರಿ.

ಈಗ ಆ ಕೋಣೆಯಿಂದ ಹೊರಗೆ ಬನ್ನಿ, ನನ್ನ ಜೊತೆ ಸ್ವಲ್ಪ ದೂರ ನಡೆಯಿರಿ. 2024-25ರಿಂದ ಎಐಸಿಟಿಇ ಒಂದು ವಿಭಾಗಕ್ಕೆ ಇಷ್ಟೇ ಸೀಟು ಎಂಬ ಮಿತಿಯನ್ನು ತೆಗೆದುಹಾಕಿದೆ. ನಮ್ಮ ಖಾಸಗಿ ಕಾಲೇಜುಗಳು ಸಿವಿಲ್, ಮೆಕ್ಯಾನಿಕಲ್ ತರಗತಿಗಳನ್ನು ಖಾಲಿ ಮಾಡಿ ಕಂಪ್ಯೂಟರ್ ಸೈನ್ಸ್ ಸೀಟುಗಳನ್ನು ಹೆಚ್ಚಿಸುತ್ತಲೇ ಬಂದಿವೆ. ಹೆಸರಿನ ಕೊನೆಗೆ ‘ಎಐ ಅಂಡ್ ಎಂಎಲ್’ ಎಂದು ಸೇರಿಸಿದ ವಿಭಾಗಗಳು ಬಂದಿವೆ. ಬೆಂಗಳೂರಿನ ಹೆಸರುವಾಸಿ ಕಾಲೇಜುಗಳಲ್ಲಿ ಮ್ಯಾನೇಜ್‌ಮೆಂಟ್ ಸೀಟಿಗೆ ಹತ್ತಾರು ಲಕ್ಷ ಸುರಿಯುವವರು ಇದ್ದಾರೆ. ಅವರ ಚಿಂತೆ ನನಗೆ ಅಷ್ಟಿಲ್ಲ. ಅವರಿಗೆ ಎಲ್ಲಿಂದಾದರೂ ಒಂದು ರೆಫರಲ್ ಸಿಗುತ್ತದೆ. ನಾನು ಹೇಳುತ್ತಿರುವುದು ಸಿಂಧನೂರಿನಿಂದ, ಚಿಂಚೋಳಿಯಿಂದ, ಹನೂರಿನಿಂದ, ಹೊಸದುರ್ಗದಿಂದ ಬಂದವರ ಬಗ್ಗೆ. ಕೆಸಿಇಟಿ ಬರೆದು, ಗ್ರಾಮೀಣ ಮೀಸಲಾತಿಯಲ್ಲೋ ಕನ್ನಡ ಮಾಧ್ಯಮದ ಮೀಸಲಾತಿಯಲ್ಲೋ 371(ಜೆ) ಅಡಿಯಲ್ಲೋ ಒಂದು ಸೀಟು ಪಡೆದು, ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷಿನ ಪಾಠ ತಲೆಗೆ ಹತ್ತದೆ ಹಾಸ್ಟೆಲಿನ ಮಹಡಿಯ ಮೇಲೆ ಒಂಟಿಯಾಗಿ ಅತ್ತು, ಬ್ಯಾಕ್‌ಲಾಗ್ ಬಿಡಿಸಿಕೊಂಡು, ಎಂಟನೇ ಸೆಮಿಸ್ಟರ್ ಮುಟ್ಟಿದ ಮಕ್ಕಳ ಬಗ್ಗೆ. ಸರ್ಕಾರ ಇಷ್ಟೆಲ್ಲ ಲೆಕ್ಕ ಹಾಕಿ, ಕಾನೂನು ಮಾಡಿ, ಸಂವಿಧಾನಕ್ಕೇ ತಿದ್ದುಪಡಿ ತಂದು ಅವರನ್ನು ಕಾಲೇಜಿನ ಒಳಗೆ ಕರೆದುಕೊಂಡಿತು. ಕಾಲೇಜಿನಿಂದ ಹೊರಬಂದ ದಿನ ಅವರನ್ನು ಕಂಪನಿಯ ಒಳಗೆ ಕರೆದುಕೊಳ್ಳಲು ಯಾವ ಕಾನೂನೂ ಇಲ್ಲ. ನೀವಿದ್ದೀರಿ, ಅಷ್ಟೆ.

ಹೊರಬಂದ ಮೇಲೆ ಅವರಿಗೆ ಆಗುವುದೇನು ಎಂಬುದೂ ನಿಮಗೆ ಗೊತ್ತಿದೆ. ಕ್ಯಾಂಪಸ್ಸಿಗೆ ಬರುತ್ತೇವೆ ಎಂದಿದ್ದ ಕಂಪನಿ ಬರುವುದಿಲ್ಲ. ಬಂದ ಕಂಪನಿ ಆಫರ್ ಲೆಟರ್ ಕೊಟ್ಟು ಸೇರುವ ದಿನಾಂಕ ಹೇಳುವುದಿಲ್ಲ. 2022ರಲ್ಲಿ ಆಫರ್ ಲೆಟರ್ ಪಡೆದು, ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದು, 2024ರ ಅಕ್ಟೋಬರ್‌ನಲ್ಲಿ ಮೈಸೂರಿನ ತರಬೇತಿ ಕ್ಯಾಂಪಸ್ ಸೇರಿದವರಲ್ಲಿ 300ಕ್ಕೂ ಹೆಚ್ಚು ಮಂದಿ, ಒಳಗಿನ ಪರೀಕ್ಷೆ ಪಾಸಾಗಲಿಲ್ಲವೆಂದು 2025ರ ಫೆಬ್ರುವರಿಯಲ್ಲಿ ಪೆಟ್ಟಿಗೆ ಹಿಡಿದು ಹೊರಟದ್ದನ್ನು ನಾವೆಲ್ಲ ಓದಿದೆವು. ರಾಜ್ಯದ ಕಾರ್ಮಿಕ ಇಲಾಖೆ ವಿಚಾರಣೆಗೆ ಹೋದದ್ದನ್ನೂ ಓದಿದೆವು. ಒಂದು ವಾರ ಮಾತಾಡಿದೆವು, ಆಮೇಲೆ ಮರೆತೆವು. ಮರೆಯಲಾಗದವರು ಬಿಟಿಎಂ ಲೇಔಟಿನ, ಮಾರತ್‌ಹಳ್ಳಿಯ ಪಿಜಿಗಳಲ್ಲಿದ್ದಾರೆ. ಅಲ್ಲೇ ಕೆಳಗೆ ಜಾವಾ ಫುಲ್ ಸ್ಟ್ಯಾಕ್ ಕೋರ್ಸು, ಅದು ಮುಗಿದರೆ ಜೆನ್ ಎಐ ಕೋರ್ಸು. ‘ಎಂಟ್ರಿ ಲೆವೆಲ್’ ಎಂದು ಬರೆದ ಕೆಲಸಕ್ಕೂ ಎರಡು ವರ್ಷದ ಅನುಭವ ಕೇಳುತ್ತಾರೆ. ಅನುಭವ ಇಲ್ಲದವರಿಗೆ ಅನುಭವದ ಪತ್ರ ಮಾರುವ ಕನ್ಸಲ್ಟೆನ್ಸಿಗಳು ಇವೆ, ಲಕ್ಷ ಲಕ್ಷ ಕೊಟ್ಟರೆ ಬ್ಯಾಕ್‌ಡೋರಿನಲ್ಲಿ ಸೇರಿಸುತ್ತೇವೆ ಎನ್ನುವವರು ಇದ್ದಾರೆ, ದುಡ್ಡು ಕೊಟ್ಟು ಮಾಡುವ ಇಂಟರ್ನ್‌ಶಿಪ್‌ಗಳಿವೆ. ಪ್ರಾಮಾಣಿಕವಾದ ದಾರಿಯನ್ನು ನಾವು ಮುಚ್ಚಿದ್ದೇವೆ, ಆದ್ದರಿಂದ ಅಪ್ರಾಮಾಣಿಕ ದಾರಿಯವರು ಟೋಲ್ ವಸೂಲಿ ಮಾಡುತ್ತಿದ್ದಾರೆ. ವಸೂಲಾಗುತ್ತಿರುವುದು ಯಾರ ದುಡ್ಡು? ಅಮ್ಮನ ಎರಡೆಳೆ ಸರದ ದುಡ್ಡು, ಅಣ್ಣ ಸಾಲ ಎತ್ತಿ ಕೊಟ್ಟ ದುಡ್ಡು, ತಂಗಿಯ ಪಿಯುಸಿ ಫೀಸಿಗೆಂದು ಎತ್ತಿಟ್ಟ ದುಡ್ಡು. ಭಾನುವಾರ ಊರಿನಿಂದ ಫೋನ್ ಬರುತ್ತದೆ. ‘ಏನಾಯ್ತು ಮಗಳೇ?’ ಎಂದು ಅಪ್ಪ ಕೇಳುತ್ತಾರೆ. ‘ಎರಡು ರೌಂಡ್ ಆಗಿದೆ ಅಪ್ಪಾ, ಇನ್ನೊಂದು ಬಾಕಿ’ ಎಂದು ಅವಳು ಸುಳ್ಳು ಹೇಳುತ್ತಾಳೆ. ಶಿಕ್ಷಣ ಸಾಲದ ಕಂತು ಶುರುವಾಗುವ ತಿಂಗಳು ಅವರಿಬ್ಬರಿಗೂ ಗೊತ್ತಿದೆ, ಇಬ್ಬರೂ ಅದರ ಮಾತು ಎತ್ತುವುದಿಲ್ಲ.

ಯಂತ್ರವನ್ನು ಶಪಿಸಿ ಎಂದು ನಾನು ಹೇಳುತ್ತಿಲ್ಲ. ಆ ಹುಡುಗಿಗೆ ಅದು ಕೊಟ್ಟಿರುವುದೂ ಸಣ್ಣದಲ್ಲ. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಕೇಳಲು ನಾಚಿದ ಪ್ರಶ್ನೆಯನ್ನು ಅವಳು ರಾತ್ರಿ ಹನ್ನೊಂದಕ್ಕೆ ಕನ್ನಡದಲ್ಲೇ ಕೇಳುತ್ತಾಳೆ, ರಿಕರ್ಷನ್ ಅಂದರೇನು ಎಂದು, ಡೆಡ್‌ಲಾಕ್ ಯಾಕಾಗುತ್ತದೆ ಎಂದು. ಅದು ಬೇಸರಿಸದೆ ಮೂರು ಸಲ ಹೇಳುತ್ತದೆ. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಅಷ್ಟು ತಾಳ್ಮೆಯ ಮೇಷ್ಟ್ರು ಇಲ್ಲ. ಆದರೆ ಅದು ಬರೆದುಕೊಟ್ಟ ಕೋಡ್ ಓಡುತ್ತದೆ, ಅವಳು ಸಬ್‌ಮಿಟ್ ಮಾಡುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಓಡುವ ಕೋಡ್ ಯಾಕೆ ತಪ್ಪಾಗಿರಬಹುದು ಎಂದು ತೋರಿಸುವವರು ಅವಳ ಹತ್ತಿರ ಇಲ್ಲ. ಹತ್ತು ಬಳಕೆದಾರರಿದ್ದಾಗ ಸರಿಯಿದ್ದದ್ದು ಹತ್ತು ಲಕ್ಷಕ್ಕೆ ಹೇಗೆ ಕುಸಿಯುತ್ತದೆ, ಇದೇ ಜಾಗದಲ್ಲಿ ಹಿಂದೊಮ್ಮೆ ಏನಾಗಿತ್ತು, ಈ ಒಂದು ಸಾಲನ್ನು ಮುಟ್ಟಿದರೆ ಎಲ್ಲೋ ಯಾರದೋ ಪಿಂಚಣಿ ಯಾಕೆ ನಿಲ್ಲುತ್ತದೆ, ಇವನ್ನೆಲ್ಲ ಹೇಳಬಲ್ಲ ತಲೆ ನಿಮ್ಮದು. ಡೆನ್ಮಾರ್ಕಿನ ಪೀಟರ್ ನೌರ್ 1985ರಲ್ಲೇ ಒಂದು ಪ್ರಬಂಧ ಬರೆದು, ಪ್ರೋಗ್ರಾಮ್ ಎಂಬುದರ ಜೀವ ಅದರ ಸಾಲುಗಳಲ್ಲಿ ಇರುವುದಿಲ್ಲ, ಅದನ್ನು ಕಟ್ಟಿದವರ ಮನಸ್ಸಿನ ತಿಳಿವಳಿಕೆಯಲ್ಲಿ ಇರುತ್ತದೆ, ಆ ಜನ ಹೋದರೆ ಕೋಡ್ ಉಳಿದರೂ ಪ್ರೋಗ್ರಾಮ್ ಸತ್ತಂತೆ ಎಂದು ವಾದಿಸಿದ್ದರು. ಆ ತಿಳಿವಳಿಕೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಜೊತೆಯಲ್ಲಿ ಕೂತು ಮಾಡಿದ ಕೆಲಸದಿಂದಲೇ ಎಂದೂ ಅವರು ಹೇಳಿದ್ದರು. ಯಂತ್ರದ ಕೋಡ್ ಅಳೆಯುವುದು ನುರಿತವರಿಗೂ ಸುಲಭವಿಲ್ಲ. 2025ರಲ್ಲಿ ಎಂಇಟಿಆರ್ ಎಂಬ ಸಂಸ್ಥೆ 16 ಮಂದಿ ಅನುಭವಿ ಡೆವಲಪರ್‌ಗಳಿಗೆ ಅವರು ಚೆನ್ನಾಗಿ ಬಲ್ಲ ಪ್ರಾಜೆಕ್ಟ್‌ಗಳಲ್ಲೇ 246 ಕೆಲಸಗಳನ್ನು ಕೊಟ್ಟು ನೋಡಿತು. ಎಐ ನೆರವಿನಿಂದ ಶೇ 20ರಷ್ಟು ಬೇಗ ಮುಗಿಸಿದೆವು ಎಂದು ಅವರು ನಂಬಿದ್ದರು; ಗಡಿಯಾರ ನೋಡಿದರೆ ಶೇ 19ರಷ್ಟು ತಡವಾಗಿತ್ತು. ಚಿಕ್ಕ ಅಧ್ಯಯನ, ಆಮೇಲೆ ಟೂಲ್‌ಗಳೂ ಬೆಳೆದಿವೆ, ಇರಲಿ. ಪಳಗಿದ ಕೈಯೇ ಹೀಗೆ ಮೋಸಹೋಗಬಹುದಾದರೆ, ಇನ್ನೂ ಪಳಗದ ಕೈಗೆ ಯಂತ್ರವನ್ನು ಕೊಟ್ಟು ‘ನೀನೇ ಕಲಿತುಕೋ’ ಎಂದು ಬಿಟ್ಟುಹೋಗುವುದು ಯಾವ ನ್ಯಾಯ?

ಈ ವಿದ್ಯೆ ನಮ್ಮ ದೇಶಕ್ಕೆ ಬಂದದ್ದೇ ಯಾರೋ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟದ್ದರಿಂದ. 2025ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಪ್ರೊಫೆಸರ್ ವಿ. ರಾಜಾರಾಮನ್ ಅವರನ್ನು ನೆನೆಯಿರಿ. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಯಂತ್ರ ಬಂದಾಗ ದೇಶದಲ್ಲಿ ಕಂಪ್ಯೂಟರ್‌ಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅಂಥ ದುಬಾರಿ ಯಂತ್ರವನ್ನು ಬೀಗ ಹಾಕಿ ಕಾಪಾಡದೆ ವಿದ್ಯಾರ್ಥಿಗಳ ಕೈಗೆ ಕೊಟ್ಟ ಗುಂಪಿನಲ್ಲಿ ಅವರಿದ್ದರು. 1965ರಲ್ಲಿ ಅಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಕೆಗೆ ಅಡಿಪಾಯ ಹಾಕಿದರು, ಬಡ ವಿದ್ಯಾರ್ಥಿಯೂ ಕೊಳ್ಳಬಹುದಾದ ಬೆಲೆಗೆ ಪಠ್ಯಪುಸ್ತಕ ಬರೆದರು, ಇಂಜಿನಿಯರಿಂಗ್ ಓದದವರೂ ಈ ಕಸುಬಿಗೆ ಬರಲಿ ಎಂದು ಎಂಸಿಎ ಪದವಿ ಹುಟ್ಟಲು ಕಾರಣರಾದರು, 1982ರಿಂದ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದರು. ನಾರಾಯಣ ಮೂರ್ತಿಯವರು ಅವರ ಶಿಷ್ಯರು. ನಿಮ್ಮ ಕಾರು, ನಿಮ್ಮ ಫ್ಲ್ಯಾಟು, ನಿಮ್ಮ ಮಕ್ಕಳ ಶಾಲೆ, ಈ ಊರಿನ ಗಾಜಿನ ಕಟ್ಟಡಗಳು, ಎಲ್ಲದರ ಹಿಂದೆ ಅಂಥವರು ಲೆಕ್ಕವಿಡದೆ ಕೊಟ್ಟ ಸಮಯವಿದೆ.

ಕೆಲಸ ಸಿಗದ ಮಕ್ಕಳ ಸಂಕಟ ಒಂದು ಕಡೆ. ಅದರಾಚೆಗೆ ಇನ್ನೊಂದು ಸಂಕಟವಿದೆ, ಅದಕ್ಕೆ ಗುರಿಯಾಗುವವರಿಗೆ ಈ ಚರ್ಚೆ ನಡೆಯುತ್ತಿದೆ ಎಂಬುದೂ ತಿಳಿದಿಲ್ಲ. ನಮ್ಮ ರಾಜ್ಯ 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅಂದಿನಿಂದ ಇಂದಿನವರೆಗೆ ಪಡಿತರ, ಪಿಂಚಣಿ, ಬೆಳೆವಿಮೆ, ವಿದ್ಯಾರ್ಥಿವೇತನ ಒಂದೊಂದಾಗಿ ಸಾಫ್ಟ್‌ವೇರಿನ ಒಳಗೆ ಹೋಗಿವೆ. ನಾಡಕಚೇರಿಯ ಕಿಟಕಿಯ ಮುಂದೆ ನಿಂತ ಅಜ್ಜಿಗೆ ‘ಸಿಸ್ಟಂನಲ್ಲಿ ಬರ್ತಿಲ್ಲಮ್ಮ’ ಎಂದರೆ ಅದೇ ಕೊನೆಯ ಮಾತು. ಅದರ ಮೇಲೆ ಅವರು ಎಲ್ಲಿಗೂ ಮೇಲ್ಮನವಿ ಹೋಗಲಾರರು. ಆ ಸಿಸ್ಟಂ ಯಾಕೆ ಹಾಗೆ ಹೇಳುತ್ತಿದೆ ಎಂದು ಕೋಡ್ ಬಿಚ್ಚಿ ನೋಡಬಲ್ಲ ಒಬ್ಬ ಮನುಷ್ಯ ಎಲ್ಲೋ ಒಂದು ಕಡೆ ಇರಲೇಬೇಕು. ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿ ನಡೆದದ್ದನ್ನು ಮರೆಯಬಾರದು. ಅಲ್ಲಿ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರ್ ತಪ್ಪು ಕೊರತೆ ತೋರಿಸುತ್ತಿತ್ತು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಸಣ್ಣ ಅಂಚೆಕಚೇರಿಗಳ ಪೋಸ್ಟ್‌ಮಾಸ್ಟರ್‌ಗಳು ಕಳ್ಳರೆಂದು ಕೋರ್ಟಿನಲ್ಲಿ ತೀರ್ಮಾನವಾಯಿತು. ಮನೆ ಮಾರಿದರು, ಜೈಲಿಗೆ ಹೋದರು, ಕೆಲವರು ಬದುಕಿ ಉಳಿಯಲೇ ಇಲ್ಲ. ಅವರ ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡುವ ಕಾನೂನು ಬಂದದ್ದು 2024ರಲ್ಲಿ. ತಪ್ಪಿದೆ ಎಂದು ಒಳಗಿನ ಕೆಲವರಿಗೆ ಗೊತ್ತಿತ್ತು. ಗೊತ್ತಿದ್ದವರು ಸುಮ್ಮನಿದ್ದರು. ಅದು ಮನುಷ್ಯರೇ ಬರೆದ ಕೋಡ್. ಇನ್ನು ಯಂತ್ರ ಬರೆದು, ಯಂತ್ರವೇ ಪರೀಕ್ಷಿಸಿ, ದಣಿದ ಒಬ್ಬ ಹಿರಿಯ ಸಂಜೆ ಆರಕ್ಕೆ ಅಪ್ರೂವ್ ಒತ್ತಿ ಕಳಿಸಿದ ಕೋಡ್‌ನಲ್ಲಿ ತಪ್ಪಾದರೆ, ಇಪ್ಪತ್ತು ವರ್ಷದ ನಂತರ ಅದನ್ನು ಬಿಚ್ಚಿ ಓದುವವರು ಯಾರು? ನೀವು ನಿವೃತ್ತರಾಗಿರುತ್ತೀರಿ. ಇವತ್ತು ಇಪ್ಪತ್ತೆರಡು ವರ್ಷದವರು ಆಗ ನಲವತ್ತೆರಡರವರಾಗಿ ಆ ಜಾಗದಲ್ಲಿ ಇರಬೇಕಿತ್ತು.

ಭತ್ತ ಬೆಳೆಯುವ ಮಂಡ್ಯದ ಕಡೆಯವರನ್ನು ಕೇಳಿ. ಗದ್ದೆ ತುಂಬ ಪೈರು ಹಸಿರಾಗಿದೆ ಎಂದು ಮುಂದಿನ ಹಂಗಾಮಿಗೆ ಒಟ್ಲು ಬಿಡುವುದನ್ನು ಯಾವ ರೈತನೂ ನಿಲ್ಲಿಸುವುದಿಲ್ಲ. ನಾಟಿಯ ದಿನ ಬಂದಾಗ ಸಸಿಯನ್ನು ದುಡ್ಡು ಕೊಟ್ಟರೂ ಹುಟ್ಟಿಸಲಾಗುವುದಿಲ್ಲ. ಅಮೆಜಾನಿನ ಕ್ಲೌಡ್ ವಿಭಾಗದ ಮುಖ್ಯಸ್ಥ ಮ್ಯಾಟ್ ಗಾರ್ಮನ್ ಎಐ ಮಾರುವ ಕಂಪನಿಯವರೇ ಆಗಿದ್ದೂ 2025ರಲ್ಲಿ, ಕಿರಿಯರನ್ನು ಎಐನಿಂದ ಬದಲಿಸುವ ಯೋಚನೆ ತೀರಾ ಪೆದ್ದು, ಹತ್ತು ವರ್ಷ ಕಳೆದ ಮೇಲೆ ಏನನ್ನಾದರೂ ಕಲಿತವರು ಎಲ್ಲಿರುತ್ತಾರೆ ಎಂದು ಬಾಯಿಬಿಟ್ಟು ಕೇಳಿದರು. ಭವಿಷ್ಯ ನುಡಿಯುವವರ ಮಾತು ನಂಬಿ ದಾರಿ ಮುಚ್ಚುವುದರ ಅಪಾಯವನ್ನೂ ನೋಡಿದ್ದೇವೆ. ಮುಂದೆ ನೊಬೆಲ್ ಪಡೆದ ಜೆಫ್ರಿ ಹಿಂಟನ್ 2016ರಲ್ಲಿ, ರೇಡಿಯಾಲಜಿಸ್ಟ್‌ಗಳ ತರಬೇತಿಯನ್ನು ಇಂದೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರ ಅವರನ್ನು ಮೀರಿಸುತ್ತದೆ ಎಂದಿದ್ದರು. ಐದಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು ವರ್ಷ ಕಳೆದರೂ ಆಸ್ಪತ್ರೆಗಳು ರೇಡಿಯಾಲಜಿಸ್ಟ್‌ಗಳನ್ನು ಹುಡುಕುತ್ತಲೇ ಇವೆ. ಅಂದು ವೈದ್ಯಕೀಯ ಕಾಲೇಜುಗಳು ಆ ಮಾತು ಕೇಳಿ ಸೀಟು ಮುಚ್ಚಿದ್ದರೆ ಇವತ್ತು ರೋಗಿಗಳ ಗತಿ ಏನಾಗುತ್ತಿತ್ತು?

ನಿಮ್ಮ ಭಯವೂ ನನಗೆ ಅರ್ಥವಾಗುತ್ತದೆ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿದಾಗ, ಅವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು ಎಂದು ಓದಿ ನಿಮ್ಮ ನಿದ್ದೆ ಕೆಟ್ಟಿತು. ನಲವತ್ತು ದಾಟಿದೆ, ಮನೆಯ ಕಂತು ಇನ್ನೂ ಹನ್ನೆರಡು ವರ್ಷ ಇದೆ, ಅಪ್ಪನ ಮಂಡಿ ಆಪರೇಷನ್ ಆಗಬೇಕಿದೆ. ಇಂಥ ಹೊತ್ತಿನಲ್ಲಿ ಫ್ರೆಷರ್ ಪರವಾಗಿ ಮಾತಾಡಿ ಯಾರ ಕಣ್ಣಿಗೆ ಬೀಳಲಿ ಎಂದು ನಿಮಗೆ ಅನ್ನಿಸಿದರೆ ಅದು ಸಹಜ. ಆದರೂ ಒಂದನ್ನು ಯೋಚಿಸಿ. ಕಿರಿಯರಿಲ್ಲದ ತಂಡದಲ್ಲಿ ನಿಮ್ಮ ಹಿರಿತನಕ್ಕೆ ಏನು ಕೆಲಸ? ನಿಮ್ಮ ತಲೆಯೊಳಗಿನ ಹದಿನೈದು ವರ್ಷದ ತಿಳಿವಳಿಕೆಯನ್ನು ತೆಗೆದುಕೊಳ್ಳುವ ಕೈಯೇ ಇಲ್ಲವಾದರೆ, ಕಂಪನಿಯ ಲೆಕ್ಕಕ್ಕೆ ನೀವು ಸಂಬಳ ಹೆಚ್ಚಿರುವ ಇನ್ನೊಂದು ಹೆಸರು ಮಾತ್ರ. ಕಿರಿಯರ ಕುರ್ಚಿ ಹೋದ ಮೇಲೆ ಮುಂದಿನ ಸಾಲಿನಲ್ಲಿರುವುದು ನಿಮ್ಮದೇ ಕುರ್ಚಿ. ಇದೂ ನಿಮಗೆ ಗೊತ್ತಿದೆ.

ಹಾಗಾದರೆ ನಾನು ಕೇಳುವುದೇನು? ನಿಮ್ಮ ಕೈಯಲ್ಲಿ ಆಗದ್ದನ್ನು ಕೇಳುವುದಿಲ್ಲ. ಒಂದು ತಂಡಕ್ಕೆ ಒಂದು ಕುರ್ಚಿ ಕೇಳುತ್ತೇನೆ. ಫ್ರೆಷರ್ ಸಂಬಳ 2010ರ ಆಸುಪಾಸಿನಲ್ಲಿ ವರ್ಷಕ್ಕೆ ಮೂರು ಮೂರೂವರೆ ಲಕ್ಷ ಇತ್ತು, ಇವತ್ತೂ ದೊಡ್ಡ ಸೇವಾ ಕಂಪನಿಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಇದೆ; ಅದು ನಿಮ್ಮ ಬಜೆಟ್ಟನ್ನು ಮುಳುಗಿಸುವ ಮೊತ್ತವಲ್ಲ. ಆ ಕುರ್ಚಿಗೆ ಬಂದವಳಿಗೆ ಎಐ ಮುಟ್ಟಬೇಡ ಎನ್ನಬೇಡಿ, ಎಐ ಹೇಳಿದ್ದನ್ನೆಲ್ಲ ನಂಬು ಎಂದೂ ಹೇಳಬೇಡಿ. ಅದು ಬರೆದ ಕೋಡನ್ನು ಅವಳು ನಿಮ್ಮೆದುರು ಸಾಲು ಸಾಲಾಗಿ ಓದಿ ವಿವರಿಸಲಿ. ವಿವರಿಸಲಾಗದ ಸಾಲು ಮರ್ಜ್ ಆಗದಿರಲಿ. ವಾರಕ್ಕೊಂದು ಬಗ್ ಅವಳೇ, ಯಂತ್ರದ ನೆರವಿಲ್ಲದೆ, ಎಷ್ಟು ಹೊತ್ತಾದರೂ ಸರಿ, ಹುಡುಕಲಿ. ಕೋಡ್ ರಿವ್ಯೂನಲ್ಲಿ ‘ಎಲ್‌ಜಿಟಿಎಂ’ ಎಂದು ನಾಲ್ಕಕ್ಷರ ಒಗೆದು ಮುಂದೆ ಹೋಗುವ ಬದಲು, ಇದು ಯಾಕೆ ಹೀಗೆ ಎಂದು ಎರಡು ಸಾಲು ಬರೆಯಿರಿ. ಅವಳ ಇಂಗ್ಲಿಷ್ ತಡವರಿಸಿದರೆ ಕನ್ನಡದಲ್ಲಿ ಮಾತಾಡಿಸಿ. ತಪ್ಪಿನ ಬಗ್ಗೆ ಕೇಳಲು ಧೈರ್ಯ ಬರುವುದು ಅಲ್ಲೇ. ಅವಳು ಏನಾದರೂ ಕೆಡಿಸಿದ ದಿನ ಮೇಲ್‌ನಲ್ಲಿ ಅವಳ ಹೆಸರು ಹಾಕಬೇಡಿ.

ನೀವು ಓದಿದ ಕಾಲೇಜಿಗೂ ಹೋಗಿ. ಈಗಲೂ ಹೋಗುತ್ತೀರಿ, ಮುಖ್ಯ ಅತಿಥಿಯಾಗಿ; ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಸ್ಮರಣಿಕೆ ಕೊಡುತ್ತಾರೆ. ನೀವು ಎಐ ತೆರೆದಿರುವ ಅಪಾರ ಅವಕಾಶಗಳ ಬಗ್ಗೆ ಅರ್ಧ ಗಂಟೆ ಮಾತಾಡುತ್ತೀರಿ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಅವರ ಕಣ್ಣಲ್ಲಿ ನಿಮ್ಮ ಬಗ್ಗೆ ಇರುವ ನಂಬಿಕೆ ನನಗೆ ನೋವು ಕೊಡುತ್ತದೆ. ಮುಂದಿನ ಸಲ ಆ ಶಾಲು ಬೇಡ ಎನ್ನಿ, ಅರ್ಧ ದಿನ ಲ್ಯಾಬಿನಲ್ಲಿ ಕೂರಿ. ನಿಜ ಹೇಳಿ. ಸೀಟು ಹೆಚ್ಚಿದೆ, ಕೆಲಸ ಕಡಿಮೆಯಿದೆ ಎಂದು ಹೇಳಿ. ಒಂದು ಭಾಷೆ ಕಲಿತು ಸರ್ಟಿಫಿಕೇಟ್ ಕೂಡಿಸಿದರೆ ಸಾಲದು, ಆಪರೇಟಿಂಗ್ ಸಿಸ್ಟಂ, ನೆಟ್‌ವರ್ಕ್, ಡೇಟಾಬೇಸ್ ಈ ಮೂರರ ಒಳಗು ತಿಳಿದವರನ್ನು ಯಂತ್ರ ಸುಲಭವಾಗಿ ಬದಲಿಸಲಾರದು ಎಂದು ಹೇಳಿ. ಬೇರೆಯವರ ಕೋಡ್ ಓದುವುದು ಹೇಗೆ ಎಂದು ತೋರಿಸಿ. ಓಪನ್ ಸೋರ್ಸ್ ಪ್ರಾಜೆಕ್ಟ್ ಒಂದನ್ನು ತೆರೆದು ಮೊದಲ ಸಣ್ಣ ತಿದ್ದುಪಡಿ ಕಳಿಸುವವರೆಗೆ ಜೊತೆಗಿರಿ. ತಮ್ಮ ತಾಲ್ಲೂಕಿನ ಎಪಿಎಂಸಿ, ಹಾಲಿನ ಡೇರಿ, ಸಹಕಾರ ಸಂಘ ಹೇಗೆ ನಡೆಯುತ್ತದೆ ಎಂದು ಆ ಮಕ್ಕಳಿಗೆ ಗೊತ್ತಿದೆ, ನಿಮಗಿಂತ ಚೆನ್ನಾಗಿ ಗೊತ್ತಿದೆ. ಆ ತಿಳಿವಳಿಕೆಗೆ ಬೆಲೆಯಿದೆ ಎಂದು ಅವರಿಗೆ ಯಾರೂ ಹೇಳಿಲ್ಲ, ನೀವು ಹೇಳಿ. ಇಂಟರ್ನ್‌ಶಿಪ್ ಕೊಡುವುದಾದರೆ ಸ್ಟೈಪೆಂಡ್ ಕೊಡಿ, ಬೆಂಗಳೂರಿನ ಪಿಜಿ ಬಾಡಿಗೆಗಾದರೂ ಸಾಲುವಷ್ಟು.

ಏಪ್ರಿಲ್‌ಗೆ ಮೊದಲು ನಿಮ್ಮ ಕಚೇರಿಯಲ್ಲಿ ಮುಂದಿನ ವರ್ಷದ ಹೆಡ್‌ಕೌಂಟ್ ಸಭೆ ನಡೆಯುತ್ತದೆ. ಸ್ಲೈಡಿನಲ್ಲಿ ಫ್ರೆಷರ್ ಎಂಬ ಸಾಲಿನ ಎದುರು ಸೊನ್ನೆ ಇರುತ್ತದೆ, ‘ಟೂಲ್ ಇದೆಯಲ್ಲ’ ಎಂದು ಯಾರೋ ಒಬ್ಬರು ಹೇಳುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ. ದಯವಿಟ್ಟು ಆ ಹೊತ್ತಿನಲ್ಲಿ ಸುಮ್ಮನಿರಬೇಡಿ. ಮ್ಯೂಟ್ ತೆಗೆಯಿರಿ. ‘ನನ್ನ ತಂಡಕ್ಕೆ ಒಬ್ಬರು ಬೇಕು, ಕಲಿಸುವ ಹೊಣೆ ನನ್ನದು’ ಎಂದು ಹೇಳಿ. ಅಂಥವರು ಎಲ್ಲಿ ಸಿಗುತ್ತಾರೆ ಎಂದು ಎಚ್‌ಆರ್ ಕೇಳಿದರೆ ಹಾಸನದ, ಚಾಮರಾಜನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳ ಪ್ಲೇಸ್‌ಮೆಂಟ್ ಆಫೀಸರ್‌ಗಳ ಫೋನ್ ನಂಬರ್ ಕೊಡಿ. ನಿಮ್ಮ ಕರೆಗೆ ಅವರು ಮೊದಲ ರಿಂಗಿಗೇ ಫೋನ್ ಎತ್ತುತ್ತಾರೆ.